ಹೊಳ್ಳರ ಗೂಡ್ಸ್ ಗಾಡಿಗೆ ಕೊಳೆ ಹತ್ತಿದ್ದು

ಅಂಬತ್ತೂರಿನ ಕೈಗಾರಿಕಾ ವಸಾಹತಿನ ಬದಿಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಮಧುಸೂದನ ಹೊಳ್ಳರು ಐವತ್ತೆಂಟನೆಯ ವಯಸ್ಸಿನಲ್ಲಿ ಕೊಳೆ ಮಾಡುವುದನ್ನು ಕಲಿಯಲು ಕುಳಿತರು. ಇದು ಹೇಳುವಷ್ಟು ಸುಲಭದ ಕೆಲಸವಲ್ಲ. ಅವರ ತಂದೆ ಸಾಲಿಗ್ರಾಮದ ಕಡೆಯಿಂದ ಮದರಾಸಿಗೆ ಬಂದು ಹಾಕಿದ ಹೋಟೆಲು ಅದು. ಹೊಳ್ಳರು ಅಕ್ಷರ ಕಲಿಯುವ ಮೊದಲೇ ಮೇಜು ಒರೆಸುವುದನ್ನು ಕಲಿತವರು. ಇಂದಿಗೂ ಗಿರಾಕಿಯ ಜೊತೆ ಮಾತನಾಡುತ್ತಿರುವಾಗ ಅವರ ಬಲಗೈ ತನ್ನಷ್ಟಕ್ಕೆ ತಾನೇ ಗಲ್ಲಾದ ಗಾಜನ್ನು ಒರೆಸುತ್ತಿರುತ್ತದೆ. ಮಾತು ಮುಗಿದ ಮೇಲೂ ಕೈ ನಿಲ್ಲುವುದಿಲ್ಲ.

ಹೋಟೆಲಿನ ಮೇಲೇ ಮನೆ. ಮನೆಯ ತಾರಸಿಯಿಂದ ನೋಡಿದರೆ ಅರಕ್ಕೋಣಂ ಕಡೆಗೆ ಹೋಗುವ ರೈಲು ಹಳಿಗಳು ಕಾಣುತ್ತವೆ. ಶಾಲೆಯಿಂದ ಬಂದವರೇ ಆ ತಾರಸಿಗೆ ಹತ್ತಿ ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ ಹೊಳ್ಳರು ದೊಡ್ಡವರಾದ ಮೇಲೆ ಎಣಿಸುವುದನ್ನು ಬಿಟ್ಟು ಕಟ್ಟತೊಡಗಿದರು. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ, ಪಕ್ಕೆಗೆ ಪಟ್ಟಿಗಳನ್ನು ಅಂಟಿಸಿ, ಹಿಂಬದಿಯಿಂದ ಸೂಜಿ ಒತ್ತಿ ರಿವೆಟ್ಟಿನ ಸಾಲು ಎಬ್ಬಿಸಿ, ಕಲ್ಲಿದ್ದಲು ಹೇರುವ ತೆರೆದ ವ್ಯಾಗನ್ನನ್ನು ಅಂಗೈಯಷ್ಟು ಉದ್ದಕ್ಕೆ ಇಳಿಸುವ ಕಲೆ ಅವರಿಗೆ ಒಲಿದಿತ್ತು. ಗಾಲಿ ಮತ್ತು ಕೊಂಡಿ ಮಾತ್ರ ಕೊಂಡದ್ದು, ಉಳಿದದ್ದೆಲ್ಲ ಕೈಕೆಲಸ. ಹೀಗೆ ಎಂಟು ವ್ಯಾಗನ್ನು ಕಟ್ಟಿ, ಕಾವಿ ಬಣ್ಣ ಹೊಡೆದು, ಬಿಳಿಯ ಅಂಕಿ ಬರೆದು, ಹೋದ ವರ್ಷ ನುಂಗಂಬಾಕ್ಕಂಗೆ ಒಯ್ದರು.

ನುಂಗಂಬಾಕ್ಕಂನ ಹಳೆಯ ಮನೆಯೊಂದರ ಮಹಡಿಯಲ್ಲಿ ಮಾದರಿ ರೈಲಿನ ಹವ್ಯಾಸಿಗಳ ಸಂಘವೊಂದಿದೆ. ಅವರು ಹಲವು ವರ್ಷ ಕೂಡಿ ಕಟ್ಟಿದ ದೊಡ್ಡ ಮಾದರಿಯಲ್ಲಿ ಇರುವುದು ಬೇರೆ ಯಾವ ಹಳಿಯೂ ಅಲ್ಲ, ಅಂಬತ್ತೂರಿನದೇ: ನಿಲ್ದಾಣದ ಮೇಲ್ಸೇತುವೆ, ಕಾರ್ಖಾನೆಗಳ ತಗಡಿನ ಚಾವಣಿ, ಒಂದು ಮೂಲೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಹೊಳ್ಳರ ಹೋಟೆಲು ಕೂಡ. ಅದರ ಮುಂದೆ ತಮ್ಮ ಗಾಡಿ ಹಾದುಹೋಗಬೇಕೆಂಬುದು ಹೊಳ್ಳರ ಆಸೆ. ಆದರೆ ಯಾವ ಗಾಡಿ ಓಡಬೇಕು, ಯಾವುದು ಬೇಡ ಎಂದು ನಿರ್ಧರಿಸುವವನು ವಿಘ್ನೇಶ್. ಹಗಲು ಯಾವುದೋ ಕಂಪನಿಯಲ್ಲಿ ಸೇತುವೆಗಳ ನಕ್ಷೆ ಬರೆಯುವ ಈ ಯುವಕ ಸಂಘದಲ್ಲಿ ನಿರ್ದಾಕ್ಷಿಣ್ಯ ಮನುಷ್ಯ. ವ್ಯಾಗನ್ನೊಂದನ್ನು ಎತ್ತಿ ದೀಪಕ್ಕೆ ಹಿಡಿದು ಹೇಳಿದ:

"ಅಣ್ಣಾ, ವೇಲೈ ಸೂಪರ್. ಆನಾ ಇದು ಗೂಡ್ಸ್ ವಂಡಿ ಇಲ್ಲೆ. ಕಳುವಿ ವೆಚ್ಚ ಟಂಬ್ಲರ್."

ಕೆಲಸ ಚೆನ್ನಾಗಿದೆ, ಆದರೆ ಇದು ತೊಳೆದು ಬೋರಲು ಹಾಕಿದ ಲೋಟ ಎಂದು ಅರ್ಥ. ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹೊಳ್ಳರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಂಟೂ ವ್ಯಾಗನ್ನು ಡಬ್ಬದಲ್ಲಿ ಕುಳಿತು ಮನೆಗೆ ಮರಳಿದವು.

ಈ ವರ್ಷ ಸಂಘವಿದ್ದ ಮನೆಯ ಮಾಲೀಕರು ಆ ಕಟ್ಟಡವನ್ನು ಕೆಡವುವುದಾಗಿ ತಿಳಿಸಿದ್ದರಿಂದ, ದಸರೆಯ ನಂತರದ ಭಾನುವಾರದ ಪ್ರದರ್ಶನವೇ ಆ ಮಾದರಿಯ ಕೊನೆಯ ಪ್ರದರ್ಶನವೆಂದಾಯಿತು. ಆಮೇಲೆ ಅದನ್ನು ಬಿಚ್ಚಿ ಹಂಚಿಕೊಳ್ಳುತ್ತಾರೆ. ಓಡಿದರೆ ಈ ಸಲ ಓಡಬೇಕು; ಇಲ್ಲದಿದ್ದರೆ ಆ ಅಂಬತ್ತೂರಿನಲ್ಲಿ ಹೊಳ್ಳರ ಗಾಡಿ ಎಂದೂ ಓಡುವುದಿಲ್ಲ.

ಹಾಗಾಗಿ ಅವರು ಕೊಳೆಯ ಅಧ್ಯಯನಕ್ಕೆ ಕೈಹಾಕಿದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಿಲ್ದಾಣದ ಮೇಲ್ಸೇತುವೆಯ ಮೇಲೆ ನಿಂತು ಕೆಳಗೆ ಸಾಗುವ ವ್ಯಾಗನ್ನುಗಳನ್ನು ನೋಡುವುದು. ನೋಡುತ್ತಾ ಹೋದಂತೆ ಕೊಳೆಗೂ ಒಂದು ನಿಯಮವಿದೆ ಎಂದು ಅವರಿಗೆ ಹೊಳೆಯಿತು. ತುಕ್ಕು ಎಲ್ಲಿ ಬೇಕಾದರೂ ಹತ್ತುವುದಿಲ್ಲ. ನೀರು ನಿಲ್ಲುವಲ್ಲಿ ಹತ್ತುತ್ತದೆ, ನೀರು ಹರಿಯುವ ದಾರಿಯಲ್ಲಿ ಇಳಿಯುತ್ತದೆ. ಧೂಳು ಕೆಳಭಾಗದಲ್ಲಿ ದಟ್ಟವಾಗಿ ಮೇಲಕ್ಕೆ ತೆಳುವಾಗುತ್ತದೆ. ಬಾಗಿಲ ಚಿಲಕದ ಬಳಿ ಮಾತ್ರ ಬಣ್ಣ ಸವೆದು ಹೊಳೆಯುತ್ತದೆ, ಏಕೆಂದರೆ ಅಲ್ಲಿ ಕೈ ಬೀಳುತ್ತದೆ. ಕೊಳೆಯೆನ್ನುವುದು ಒಂದು ವಸ್ತುವಿಗೆ ಏನೇನಾಯಿತು ಎಂಬುದರ ಬರಹ. ಅದನ್ನು ಅಳಿಸುವುದನ್ನೇ ಜೀವನೋಪಾಯ ಮಾಡಿಕೊಂಡವರು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ.

ಸಾಮಗ್ರಿ ಅಡುಗೆಮನೆಯಲ್ಲೇ ಇತ್ತು. ಹಳೆಯ ಕಬ್ಬಿಣದ ಬಾಣಲೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಕೆರೆದರೆ ಅಪ್ಪಟ ತುಕ್ಕಿನ ಪುಡಿ. ದೋಸೆಕಲ್ಲಿನ ಅಡಿಯ ಮಸಿ. ಮಳೆನೀರಿನ ಕಲೆಗೆ ನಿನ್ನೆಯ ಕಾಫಿ ಡಿಕಾಕ್ಷನ್. ಬಣ್ಣ ಚಕ್ಕೆ ಎದ್ದಂತೆ ತೋರಿಸಲು ಪುಡಿಯುಪ್ಪು: ತುಕ್ಕಿನ ಬಣ್ಣದ ಮೇಲೆ ಒದ್ದೆ ಮಾಡಿ ಉಪ್ಪು ಚಿಮುಕಿಸಿ, ಅದರ ಮೇಲೆ ಕಾವಿ ಹೊಡೆದು, ಒಣಗಿದ ಮೇಲೆ ಉಜ್ಜಿದರೆ ಉಪ್ಪಿದ್ದಲ್ಲೆಲ್ಲ ಕಾವಿ ಕಳಚಿ ತುಕ್ಕು ಇಣುಕುತ್ತದೆ. ಹೊಳ್ಳರು ಮೂರು ತಿಂಗಳು ಈ ಕೆಲಸದಲ್ಲಿ ಮುಳುಗಿದರು. ನವರಾತ್ರಿಯ ಹೊತ್ತಿಗೆ ವಿಘ್ನೇಶ್ ಒಂದು ಬೆಳಿಗ್ಗೆ ತಿಂಡಿಗೆ ಬಂದ. ಎಂಟು ವ್ಯಾಗನ್ನುಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ಹೊಳ್ಳರು ಕೈಕಟ್ಟಿ ನಿಂತರು.

ವಿಘ್ನೇಶ್ ಪೊಂಗಲ್ ಮುಗಿಸಿ, ಕೈ ತೊಳೆದು ಬಂದು, ಸಾಲಿನ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ.

"ಅಳುಕ್ಕು ಇರುಕ್ಕು ಅಣ್ಣಾ. ಆನಾ ಎಟ್ಟುಲೆಯುಂ ಒರೇ ಅಳುಕ್ಕು."

ಕೊಳೆ ಇದೆ, ಆದರೆ ಎಂಟರಲ್ಲೂ ಒಂದೇ ಕೊಳೆ. ಹೊಳ್ಳರು ಬಗ್ಗಿ ನೋಡಿದರು. ನಿಜ. ಪ್ರತಿ ವ್ಯಾಗನ್ನಿನ ಎಡಮೂಲೆಯಲ್ಲಿ ಅದೇ ತುಕ್ಕು, ಪ್ರತಿಯೊಂದರ ನಡುವೆ ಅದೇ ಅಳತೆಯ ನೀರಿನ ಕಲೆ. ಬೇರೆ ಬೇರೆ ಊರು, ಬೇರೆ ಬೇರೆ ಮಳೆ ಕಂಡ ಡಬ್ಬಿಗಳ ಬದಲು ಒಂದೇ ಕಾವಲಿಯಿಂದ ಎದ್ದ ಎಂಟು ದೋಸೆ.

ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಹತ್ತನೆಯ ದೋಸೆ ಮೊದಲನೆಯದರಂತೆಯೇ ಇರಬೇಕು ಎಂಬುದು ಹೋಟೆಲಿನ ಮೊದಲ ಪಾಠ. ಆದರೆ ಹೋಟೆಲಿನವರನ್ನೇ ದೂಷಿಸಬೇಕಾಗಿಲ್ಲ. ಮನುಷ್ಯನ ಕೈಗೆ ಅಡ್ಡಾದಿಡ್ಡಿ ಎಂಬುದು ಬರುವುದೇ ಇಲ್ಲ. ಮನಸ್ಸಿಗೆ ಬಂದಂತೆ ಅಂಕಿಗಳನ್ನು ಬರೆಯಿರಿ ಎಂದರೆ ನಾವು ಒಂದೇ ಅಂಕಿಯನ್ನು ಎರಡು ಸಲ ಒಟ್ಟಿಗೆ ಬರೆಯಲು ಹಿಂಜರಿಯುತ್ತೇವೆ, ಎಲ್ಲ ಅಂಕಿಗೂ ನ್ಯಾಯ ಒದಗಿಸಲು ನೋಡುತ್ತೇವೆ. ಪ್ರಕೃತಿಗೆ ಅಂಥ ದಾಕ್ಷಿಣ್ಯವಿಲ್ಲ. ಹೊಳ್ಳರು ದಾಳ ಉರುಳಿಸಿಯೂ ನೋಡಿದರು: ಎಲ್ಲಿ ತುಕ್ಕು ಹಚ್ಚಬೇಕೆಂದು ದಾಳ ಹೇಳಿತು, ಹೇಗೆ ಹಚ್ಚಬೇಕೆಂದು ಹಳೆಯ ಕೈಯೇ ಹೇಳಿತು. ಫಲ ಅದೇ.

ಆಯುಧಪೂಜೆ ಬಂತು. ಅಂದು ಮಧ್ಯಾಹ್ನದ ಮೇಲೆ ಹೋಟೆಲಿಗೆ ರಜೆ. ಕೆಳಗೆ ಗ್ರೈಂಡರು, ಒಲೆ, ತಕ್ಕಡಿಗಳಿಗೆ ಗಂಧ ಕುಂಕುಮ ಹಚ್ಚಿಸಿ ಹೊಳ್ಳರು ಮೇಲೆ ಬಂದರೆ, ಹೆಂಡತಿ ಜಲಜಾಕ್ಷಿ ಬಚ್ಚಲ ಕಟ್ಟೆಯ ಬಳಿ ಕುಳಿತಿದ್ದರು. ಪಕ್ಕದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಗೆಪುಡಿ, ಮತ್ತು ಒರಳಿನ ಮೇಲೆ ಒಣಗಲು ಇಟ್ಟ ಒಂದು ವ್ಯಾಗನ್ನು. ಅದರ ಹಣೆಗೆ ಗಂಧ, ಗಂಧದ ಮೇಲೆ ಕುಂಕುಮ. ಎರಡನೆಯ ವ್ಯಾಗನ್ನು ಕೈಯಲ್ಲಿತ್ತು.

"ಎಂತ ಮಾಡಿದ್ಯೆ ಜಲಜಾ?"

"ಗಾಡಿ ಅಂದ್ಮೇಲೆ ತೊಳೀದೆ ಪೂಜೆ ಮಾಡೂಕ್ ಆತ್ತಾ? ಸ್ಕೂಟರ್ ತೊಳ್ದೆ, ಸೈಕಲ್ ತೊಳ್ದೆ. ಇದ್ರ ಕೊಳೆ ಕಾಣಿ, ನಾಲ್ಕ್ ನೀರ್ ತೆಗೀಕಾಯ್ತ್. ಅಡುಗೆಮನೆ ಹೊಗೆ ಕೂತದ್ದಿರ್ಕ್."

"ಆ ಕೊಳೆ ನಾನೇ ಮಾಡಿದ್ದ್, ಮಾರಾಯ್ತಿ."

ಜಲಜಾಕ್ಷಿ ಬ್ರಷ್ಷು ನಿಲ್ಲಿಸಿ ಗಂಡನ ಮುಖ ನೋಡಿದರು. "ನೀವ್ ಮಾಡಿದ್ದಾ? ಎಂತಕೆ? ಹೋಟ್ಲಂಗೆ ಸಿಕ್ಕಿದ್ದ್ ಸಾಕಾಯ್ಲಿಲ್ಯಾ?"

"ಮೂರ್ ತಿಂಗ್ಳ್ ಕೂತ್ ಮಾಡಿದೆ."

"ಅದಕ್ಕೆ ಮೂರ್ ತಿಂಗ್ಳ್ ಎಂತಕೆ? ಹೊರ್ಗೆ ಬಾಗ್ಲಲ್ ಇಟ್ಟಿದ್ರೆ ಲಾರಿ ಧೂಳ್ ಒಂದೇ ದಿನಕ್ಕೆ ಕೂತ್ಕಂತಿತ್ತ್."

ಹೊಳ್ಳರು ಒರಳಿನ ಮೇಲಿನ ವ್ಯಾಗನ್ನನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ಸಿಟ್ಟು ಮಾಡುವುದೋ ಬೇಡವೋ ಎಂಬ ತೀರ್ಮಾನಕ್ಕೆ ಅವರಿಗೆ ಬೆಳಕು ಬೇಕಿತ್ತು. ಬೆಳಕಿನಲ್ಲಿ ನೋಡಿದರೆ, ತುಕ್ಕಿನ ಪುಡಿ ಸಮತಟ್ಟಾದ ಪಕ್ಕೆಯಿಂದ ಬಹುಮಟ್ಟಿಗೆ ಹೋಗಿತ್ತು. ಪಟ್ಟಿಗಳ ಸಂದಿಯಲ್ಲಿ, ರಿವೆಟ್ಟುಗಳ ಅಡಿಯಲ್ಲಿ ಮಾತ್ರ ಉಳಿದಿತ್ತು. ಬ್ರಷ್ಷು ತಲುಪದ ಒಂದು ಮೂಲೆ ಕಪ್ಪಾಗಿಯೇ ಇತ್ತು. ಬಲಬದಿಯಲ್ಲಿ ಹೆಚ್ಚು ಉಜ್ಜಿದ್ದರಿಂದ ಕಾವಿಯೂ ಮಾಸಿತ್ತು. ಇಳಿದುಹೋದ ನೀರು ಒಣಗುವಾಗ ತನ್ನ ಅಂಚಿನಲ್ಲಿ ಕಂದು ಗೆರೆ ಬಿಟ್ಟಿತ್ತು, ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚು ಮಾತ್ರ ದಟ್ಟವಾಗುವಂತೆ. ಅದು ಹತ್ತು ಮಳೆಗಾಲ ಕಂಡ ವ್ಯಾಗನ್ನಿನಂತಿತ್ತು.

ಇದು ಆಯುಧಪೂಜೆಯ ಮಹಿಮೆ ಎಂದು ಜಲಜಾಕ್ಷಿ ಇಂದಿಗೂ ಹೇಳುತ್ತಾರೆ. ಅದನ್ನು ಒಪ್ಪುವುದು ಕಷ್ಟ. ವ್ಯಾಗನ್ನಿಗೆ ನಿಜಕ್ಕೂ ಆಗುವುದು ಕೊಳೆ ಹತ್ತುವುದಷ್ಟೇ ಅಲ್ಲ, ಹತ್ತಿದ ಕೊಳೆಯನ್ನು ಮಳೆ ತೊಳೆಯುವುದು ಕೂಡ. ಹೊಳ್ಳರು ಕಥೆಯ ಅರ್ಧವನ್ನಷ್ಟೇ ಬರೆದಿದ್ದರು. ಉಳಿದರ್ಧವನ್ನು ಹೆಂಡತಿ ತಿಳಿಯದೆ ಬರೆದರು. ಮಹಿಮೆಗೆ ಇಲ್ಲಿ ಕೆಲಸವಿಲ್ಲ.

"ಅದನ್ನೂ ತೊಳಿ," ಎಂದರು ಹೊಳ್ಳರು, ಎರಡನೆಯದನ್ನು ತೋರಿಸಿ.

"ಈಗ್ ಬೈದ್ರಿ, ಈಗ್ ತೊಳಿ ಅಂತ್ರಿ."

"ನಾನ್ ಬೈಯ್ಲಿಲ್ಲ."

"ಮುಖದಂಗೆ ಬೈದ್ರಿ."

ಎರಡನೆಯದೂ ತೊಳೆದಾಯಿತು, ಮತ್ತು ಅದು ಮೊದಲನೆಯದರ ಅವಳಿಯಂತೆ ಬಂತು. ಜಲಜಾಕ್ಷಿಯವರ ಕೈಗೂ ಅದರದೇ ಅಭ್ಯಾಸವಿತ್ತು: ದೇವರ ದೀಪ ಬೆಳಗುವ ಹಾಗೆ ಬಲದಿಂದ ಎಡಕ್ಕೆ. ಆಗ ಹೊಳ್ಳರಿಗೆ ದಾರಿ ಕಂಡಿತು. ಒಂದು ಕೈ ಎಂದೂ ಎಂಟು ಕೈಯಾಗದು. ಆದರೆ ಕೆಳಗೆ ಹೋಟೆಲಿನಲ್ಲಿ ಬೇಕಾದಷ್ಟು ಕೈಗಳಿವೆ, ಎಲ್ಲವೂ ತೊಳೆಯುವ ಕೈಗಳು, ಮತ್ತು ಪ್ರತಿಯೊಂದೂ ಬೇರೆ ಬೇರೆ ವಸ್ತುವನ್ನು ತೊಳೆದು ಪಳಗಿದ್ದು.

ಮರುದಿನ ಬೆಳಗಿನ ತಿಂಡಿಯ ಭರಾಟೆ ತಗ್ಗಿದಾಗ ಅವರು ಉಳಿದ ಆರನ್ನು ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದರು. ಮೊದಲು ಸಿಕ್ಕವನು ದೋಸೆ ಹಾಕುವ ಸುಕೇಶ್.

"ಎಂತ ಸ್ವಾಮಿ, ತೊಳೀಲಿಕ್ಕೆ ಹೇಳ್ತೀರಿ, ಕೊಳೆ ಉಳೀಬೇಕು ಅಂತಲೂ ಹೇಳ್ತೀರಿ. ಎರಡ್ರಲ್ಲಿ ಒಂದು ಹೇಳಿ ಮಾರಾಯ್ರೆ."

"ನೀನ್ ಕಲ್ಲ್ ತೊಳೂ ಹಾಂಗೆ ತೊಳಿ. ಯೋಚ್ನೆ ಮಾಡ್ಬೇಡ."

"ಯೋಚನೆ ಮಾಡೂ ಅಭ್ಯಾಸ ಇದ್ದಿದ್ರೆ ನಾನು ಈ ಬಿಸಿಯಲ್ಲಿ ಯಾಕೆ ನಿಲ್ತಿದ್ದೆ," ಎಂದು ಸುಕೇಶ್ ನೀರೆರಚಿ, ತುಂಡು ಪೊರಕೆಯಿಂದ ವೃತ್ತಾಕಾರವಾಗಿ ಉಜ್ಜಿ ಕೊಟ್ಟ.

ಕಾಫಿ ಮಾಡುವ ನಂಜುಂಡ ಮೈಸೂರಿನ ಕಡೆಯವನು. ಲೋಟ ಡವರಗಳನ್ನು ತೊಳೆದವನಾದ್ದರಿಂದ ಅಂಚನ್ನಷ್ಟೇ ಬೆರಳಿನಿಂದ ಸುತ್ತಿ ತೊಳೆದು ಹೊಟ್ಟೆಯನ್ನು ಹಾಗೇ ಬಿಟ್ಟ. "ಬಾಯಿ ಇಡೋ ಜಾಗ ಕ್ಲೀನಾಗಿರ್ಬೇಕು ಬುದ್ಧಿ, ಮಿಕ್ಕಿದ್ದು ಯಾರ್ ನೋಡ್ತಾರೆ," ಎಂದು ಸಮಜಾಯಿಷಿ ಕೊಟ್ಟ. ಬಿಲ್ ಹಾಕುವ ಪಾವನಾ ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. "ಅಂಕಲ್, ನೀರೆಲ್ಲ ವೇಂಡಾ, ಟಿಶ್ಯೂಲಿ ತೊಡಚ್ಚಿ ಕೊಟ್ರೆ ಪೋದುಮಾ?" ಎಂದು, ಒರೆಸಿ ಕೊಟ್ಟರೆ ಸಾಕೇ ಎಂಬುದನ್ನು ಅರ್ಧ ತಮಿಳಿನಲ್ಲಿ ಕೇಳಿ, ಕಂಪ್ಯೂಟರ್ ಪರದೆ ಒರೆಸುವಂತೆ ಮೇಲಿನಿಂದ ಕೆಳಗೆ ನಾಲ್ಕು ಸಲ ಎಳೆದಳು, ಕೊಳೆ ಉದ್ದುದ್ದ ಗೆರೆಯಾಗಿ ಇಳಿಯಿತು. ತರಕಾರಿ ಹೆಚ್ಚುವವರಿಬ್ಬರು ಒಂದೊಂದನ್ನು ತೆಗೆದುಕೊಂಡರು. ಒಬ್ಬರು ಸೊಪ್ಪಿನಂತೆ ನೀರಿನಲ್ಲಿ ಅದ್ದಿ ಅದ್ದಿ ತೆಗೆದರು, ಇನ್ನೊಬ್ಬರು ಸುವರ್ಣಗಡ್ಡೆಯಂತೆ ತಿಕ್ಕಿದರು. ಎಂಟನೆಯದನ್ನು ಹೊಳ್ಳರು ತಾವೇ ತೊಳೆದರು. ಒಣಗಿದ ಮೇಲೆ ಎಲ್ಲಕ್ಕೂ ಹೊಳಪಿಲ್ಲದ ವಾರ್ನಿಷ್ ಹೊಡೆದು ಮುಗಿಸಿದರು. ಗಂಧ ಕುಂಕುಮವನ್ನು ಮಾತ್ರ ಜಲಜಾಕ್ಷಿ ತೆಗೆಯಲು ಬಿಡಲಿಲ್ಲ.

ಭಾನುವಾರ ಹೊಳ್ಳರ ಜೊತೆ ಜಲಜಾಕ್ಷಿ, ಸುಕೇಶ್, ಪಾವನಾ ನುಂಗಂಬಾಕ್ಕಂಗೆ ಬಂದರು. ಹೋಟೆಲನ್ನು ನಂಜುಂಡನಿಗೆ ಒಪ್ಪಿಸಿಯಾಗಿತ್ತು. ಮಹಡಿಯಲ್ಲಿ ಜನ ತುಂಬಿದ್ದರು. ವಿಘ್ನೇಶ್ ವ್ಯಾಗನ್ನುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಕುಂಕುಮದ್ದನ್ನೂ ಹಳಿಯ ಮೇಲಿಟ್ಟ. ಏಳನ್ನು ಹೀಗೆ ಇಟ್ಟ ಮೇಲೆ ಎಂಟನೆಯದು ಕೈಯಲ್ಲೇ ನಿಂತಿತು.

"ಇದು ಯಾರು ಪಣ್ಣದು?"

ಇದನ್ನು ಮಾಡಿದ್ದು ಯಾರು ಎಂಬ ಪ್ರಶ್ನೆಗೆ ಸುಕೇಶ್ ಮತ್ತು ಪಾವನಾ ಹೊಳ್ಳರನ್ನು ನೋಡಿದರು. ಜಲಜಾಕ್ಷಿ ಸೀಲಿಂಗನ್ನು ನೋಡಿದರು. ಎಂಟನೆಯ ವ್ಯಾಗನ್ನು ಅಚ್ಚುಕಟ್ಟಾಗಿ, ನಾಲ್ಕೂ ಮೂಲೆ ಸಮವಾಗಿ, ಗಲ್ಲಾದ ಗಾಜಿನಂತೆ ಸ್ವಚ್ಛವಾಗಿತ್ತು.

"ಅದ್ ಬೇಡ, ವಾಪಸ್ ಕೊಡಿ," ಎಂದರು ಹೊಳ್ಳರು, ತಮಿಳು ಮರೆತು.

ವಿಘ್ನೇಶ್ ಕೊಡಲಿಲ್ಲ. ನಿಜವಾದ ಗೂಡ್ಸ್ ಗಾಡಿಯಲ್ಲೂ ಇಂಥದ್ದೊಂದು ಇರುತ್ತದೆ, ವರ್ಕ್‌ಶಾಪಿನಲ್ಲಿ ರಿಪೇರಿ ಮುಗಿಸಿ ಹೊಸ ಬಣ್ಣದಲ್ಲಿ ನಿನ್ನೆ ಹೊರಬಂದದ್ದು; ಉಳಿದ ಏಳರ ನಡುವೆ ಇಟ್ಟರೆ ಮಾತ್ರ ಅದು ಸಹಜವಾಗಿ ಕಾಣುತ್ತದೆ ಎಂದು ತಮಿಳಿನಲ್ಲಿ ವಿವರಿಸಿ, ಪಾವನಾಳದ್ದಕ್ಕೂ ಸುಕೇಶನದ್ದಕ್ಕೂ ನಡುವೆ ಕೊಂಡಿ ಸಿಕ್ಕಿಸಿದ.

ಗಾಡಿ ಹೊರಟಿತು. ಮೇಲ್ಸೇತುವೆಯ ಅಡಿಯಿಂದ ಬಂದು, ತಗಡಿನ ಚಾವಣಿಗಳನ್ನು ಹಾದು, ಬೆಂಕಿಪೆಟ್ಟಿಗೆಯಷ್ಟರ ಹೋಟೆಲಿನ ಮುಂದೆ ತೂಗುತ್ತ ಸಾಗಿತು. "ನಂದು ಮೂರನೇದು," ಎಂದ ಸುಕೇಶ್. "ಇಲ್ಲ, ಮೂರನೇದು ಅಂಕಲ್‌ದು, ಉಂಗಳದು ನಾಲ್ಕು," ಎಂದಳು ಪಾವನಾ. ಇಬ್ಬರೂ ಮುಂದಿನ ಸುತ್ತಿನಲ್ಲಿ ಪರೀಕ್ಷಿಸುವುದೆಂದಾಯಿತು. ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತರು, ಇಷ್ಟು ಕೊಳಕು ಗಾಡಿಯನ್ನು ಎಲ್ಲಿಂದ ತಂದರಪ್ಪ ಎಂದು ಮೆಚ್ಚಿಕೊಂಡರು. ಹೊಳ್ಳರು ಅವರಿಗೆ ಕೈ ಮುಗಿದರು.

ಹನ್ನೆರಡು ಹೊಡೆಯುವ ಹೊತ್ತಿಗೆ ನಂಜುಂಡನ ಫೋನು ಬಂತು. ಊಟಕ್ಕೆ ಜನ ಬರತೊಡಗಿದ್ದಾರೆ, ಸಾಂಬಾರಿಗೆ ಉಪ್ಪು ನೋಡುವವರಿಲ್ಲ. ಜಲಜಾಕ್ಷಿ ಚೀಲ ಹೆಗಲಿಗೇರಿಸಿದರು.

"ಹೋಪನಾ?"

"ಉಪ್ಪ್ ಅವನೇ ನೋಡ್ಲಿ," ಎಂದರು ಹೊಳ್ಳರು, ಹಳಿಯಿಂದ ಕಣ್ಣು ತೆಗೆಯದೆ. "ಇನ್ನೊಂದ್ ಸುತ್ತ್."