ಎರಡು ಬೇಲಿಗಳ ನಡುವೆ

ಸೀಮೆಸುಣ್ಣ ಹಲಗೆಗೆ ತಗಲುವ ಮೊದಲೇ ಮೇಷ್ಟ್ರ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರೂ ಭಿನ್ನರಾಶಿಯ ಅಡ್ಡಗೆರೆ ಸೊಟ್ಟಗೆ ಹರಿದು ಹಲಗೆಯ ಅಂಚು ಮುಟ್ಟುತ್ತಿತ್ತು.

ಪೀಣ್ಯದ ನಮ್ಮ ಬೀದಿಯಲ್ಲಿ, ಲೇತ್ ಶೆಡ್ಡಿನ ಹಿಂದಿನ ಮನೆ ಅವರದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ತೊಂಬತ್ತರ ದಶಕದ ಆ ವರ್ಷ ನಾನು ಪಿಯುಸಿಯಲ್ಲಿ ಅದೊಂದೇ ವಿಷಯಕ್ಕೆ ಎರಡನೇ ಸಲ ಫೇಲಾಗಿದ್ದೆ. "ಈ ಸಲಾನೂ ಹೋದ್ರೆ ಗಾರ್ಮೆಂಟ್ಸ್‌ಗೆ ಸೇರ್ಕೊಂಬಿಡು, ಮಾತಾಡಿದೀನಿ," ಎಂದಿದ್ದರು ಅಪ್ಪ. ಗದರಿ ಹೇಳಿರಲಿಲ್ಲ, ಅದಕ್ಕೇ ಹೆಚ್ಚು ಭಯವಾಗಿತ್ತು.

ಪ್ಯಾರಲಲ್ ಸರ್ಕ್ಯೂಟಿನ ಒಟ್ಟು ರೋಧ ಪ್ರತಿ ಸಲವೂ ತಪ್ಪುತ್ತಿತ್ತು. ಆರು ಓಮ್, ಮೂರು ಓಮ್: ಆರನೇ ಒಂದಕ್ಕೆ ಮೂರನೇ ಒಂದು ಕೂಡಿಸಿದರೆ ಅರ್ಧ. ಅದನ್ನು ತಲೆಕೆಳಗು ಮಾಡಿದರೆ ಉತ್ತರ, ಎರಡು ಓಮ್. ನಾನು ಅರ್ಧಕ್ಕೇ ನಿಂತುಬಿಡುತ್ತಿದ್ದೆ.

"ಪೆನ್ ಕೆಳಗಿಡಮ್ಮ. ಮೊದ್ಲು ಬೇಲಿ ಹಾಕು," ಎನ್ನುತ್ತಿದ್ದರು. "ಎರಡು ರೋಧ ಇದ್ರೆ, ಉತ್ತರ ಚಿಕ್ಕದಕ್ಕಿಂತ ಕಮ್ಮಿ. ಆದ್ರೆ ಚಿಕ್ಕದರ ಅರ್ಧಕ್ಕಿಂತ ಕೆಳಗೆ ಹೋಗಲ್ಲ. ಹಸು ಇಷ್ಟರೊಳಗೇ ಮೇಯ್ತಿರುತ್ತೆ." ಹೆಬ್ಬೆರಳು, ತೋರುಬೆರಳು ಅಗಲಿಸಿ ಆ ಜಾಗ ತೋರಿಸುತ್ತಿದ್ದರು.

ಪರೀಕ್ಷೆ ಹತ್ತಿರವಾದಂತೆ ಅವರ ಮಾತೂ ತೊದಲತೊಡಗಿತು. ಒಂದು ಸಂಜೆ ನಾನು ಮತ್ತೆ ಅರ್ಧ ಎಂದೇ ಬರೆದಾಗ ಸೀಮೆಸುಣ್ಣ ಎಸೆದರು.

"ನಂಗೆ ಟೈಮಿಲ್ಲ ಕಣಮ್ಮ."

"ನಂಗೂ ಇಲ್ಲ ಸಾರ್," ಎಂದು ಅತ್ತುಬಿಟ್ಟೆ.

ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಸದ್ದು ನಿಲ್ಲಲೇ ಇಲ್ಲ. ಆಮೇಲೆ ಅವರೇ, "ಎತ್ಕೊ ಅದನ್ನ. ನೀನೇ ಬರಿ, ನಾನು ನೋಡ್ತೀನಿ," ಎಂದರು.

ಪರೀಕ್ಷೆಯಲ್ಲಿ ನಾಲ್ಕು ಓಮ್, ಹನ್ನೆರಡು ಓಮ್ ಬಂದಿತ್ತು. ಮೂರನೇ ಒಂದು ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಯೂ ಆಗಿತ್ತು. ಬೇಲಿ ಹಾಕಲಿಲ್ಲವಲ್ಲ ಎಂದು ನೆನಪಾಗಿ ಪುಟ ತಿರುವಿದೆ. ಎರಡಕ್ಕೂ ನಾಲ್ಕಕ್ಕೂ ನಡುವೆ ಇರಬೇಕಾದದ್ದು ಹೊರಗೆಲ್ಲೋ ಬಿದ್ದಿತ್ತು. ಹೊಡೆದುಹಾಕಿ, ಮೂರು ಓಮ್ ಎಂದು ಬರೆದೆ.

ನಾನು ಡಿಗ್ರಿಗೆ ಸೇರಿದ ತಿಂಗಳೇ ಮೇಷ್ಟ್ರು ತೀರಿಕೊಂಡರು. ಅವರನ್ನು ಕಡೆಯ ಸಲ ಕಂಡದ್ದು ಫಲಿತಾಂಶದ ದಿನ, ಕಾಲೇಜಿನ ಬೋರ್ಡು ನೋಡಿ ನೇರವಾಗಿ ಅವರ ಮನೆಗೆ ಹೋದಾಗ. ಹಾಸಿಗೆ ಹಿಡಿದಿದ್ದರು, ಮಾತು ನಿಂತಿತ್ತು. "ಪಾಸಾದೆ ಸಾರ್, ಇಷ್ಟರಲ್ಲಿ," ಎಂದು ಎರಡು ಬೆರಳುಗಳನ್ನು ಕೂದಲೆಳೆಯಷ್ಟು ಅಗಲಿಸಿ ತೋರಿಸಿದೆ. ಆ ಒಂದು ಲೆಕ್ಕ ತಪ್ಪಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಅವರ ನಡುಗುವ ಕೈ ಬಹಳ ಹೊತ್ತು ತಡಕಾಡಿ ನನ್ನ ಕೈಯನ್ನು ಮುಟ್ಟಿತು. ಆ ಬೆರಳುಗಳನ್ನು ಮೆಲ್ಲಗೆ ಇನ್ನಷ್ಟು ಅಗಲಿಸಿತು.