ಹಾರಕ್ಕಿಂತ ಸಣ್ಣ ಫೋಟೋ

ಗೆಳೆಯರೇ, ಇವತ್ತು ನನ್ನ ಜಾಣತನ ನನಗೇ ತಿರುಗುಬಾಣವಾಯಿತು.

ಚೀಕಲಪರ್ವಿಯ ಈರಮ್ಮನ ಅಪ್ಪ ತೀರಿಕೊಂಡಿದ್ದರು. ಮಧ್ಯಾಹ್ನ ಅವರ ಹೆಸರಿನಲ್ಲಿ ಗಣಾರಾಧನೆಯ ಪೂಜೆ-ಊಟ, ಹಾರ ಹಾಕಲು ದೊಡ್ಡ ಫೋಟೋ ಬೇಕಿತ್ತು. ಮಾನ್ವಿಯ ನನ್ನ ಸ್ಟುಡಿಯೋದಿಂದ ಫೈಲನ್ನು ಎಸ್‌ಎಫ್‌ಟಿಪಿ ಎಂಬ ಇಂಟರ್ನೆಟ್ ದಾರಿಯಲ್ಲಿ ರಾಯಚೂರಿನ ಲ್ಯಾಬಿನ ಸರ್ವರಿಗೆ ಏರಿಸಿದರೆ, ಅವರು ಪ್ರಿಂಟು ತೆಗೆದು ಬಸ್ಸಿಗೆ ಹಾಕುತ್ತಾರೆ.

ಬೆಳಿಗ್ಗೆ ಕಂಪ್ಯೂಟರ್ ಕೇಳಿತು: ‘ಸರ್ವರಿನ ಗುರುತು ಬದಲಾಗಿದೆ. ನಂಬಿ ಮುಂದುವರಿಯುವಿರಾ?’ ಕಂಡಕಂಡವರನ್ನು ನಂಬಿ ಅಂಗಡಿ ಕಟ್ಟಿದವನಲ್ಲ ನಾನು. ‘ಇಲ್ಲ’ ಒತ್ತಿದೆ. ಸಂಪರ್ಕ ಕಡಿಯಿತು. ಪಾಸ್‌ವರ್ಡ್ ಮತ್ತೆ ಹಾಕಿದೆ, ಕೇಬಲ್ ಕಿತ್ತು ಚುಚ್ಚಿದೆ. ಅದು ಮತ್ತೆ ಅದನ್ನೇ ಕೇಳಿತು, ನಾನು ಮತ್ತೆ ‘ಇಲ್ಲ’ ಎಂದೆ.

ಕೊನೆಗೆ ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿಯ ಆಪರೇಟರ್ ನಕ್ಕ. “ಅಣ್ಣಾ, ಹೊಸಾ ಸರ್ವರ್ ಹಾಕೀವಿ, ‘ಹೌದು’ ಒತ್ರಿ ಅಂತ ಹೇಳಾಕ ಮುಂಜಾನೇನ ಫೋನ್ ಮಾಡಿದ್ನಲ್ರೀ! ‘ನನಗ ಟೋಪಿ ಹಾಕ್ತಿಯೇನಲೇ’ ಅಂತ ಬೈದು ಇಟ್ರಿ.”

ಗೊತ್ತಿಲ್ಲದ ನಂಬರಾಗಿತ್ತು. ಮೋಸದ ಕರೆ ಅಂದುಕೊಂಡಿದ್ದೆ.

‘ಹೌದು’ ಒತ್ತಿದೆ, ಫೈಲು ಹೋಯಿತು. ಅಷ್ಟರಲ್ಲಿ ಪ್ರಿಂಟು ತರಬೇಕಿದ್ದ ಬಸ್ಸೂ ಹೋಗಿತ್ತು.

ಈರಮ್ಮ ಹಾರ ಹಿಡಿದೇ ಬಂದಳು. ನನ್ನ ಪ್ರಿಂಟರಿನಲ್ಲಿ ಆದಷ್ಟು ದೊಡ್ಡದು ತೆಗೆದುಕೊಟ್ಟೆ. ಹಾರ ಇಟ್ಟು ನೋಡಿದಳು, ಮುಖವೇ ಮುಚ್ಚಿಹೋಯಿತು.

“ಇರ್ಲಿ ಬಿಡಣ್ಣ,” ಎಂದಳು. “ಹಾರ ಬಾಜೂಕ ಇಡ್ತೀವಿ. ಮಂದಿಗೆ ಅಪ್ಪನ ಮುಖ ಕಾಣ್ಬೇಕಲ್ಲ.”

ಇವತ್ತು ನನಗೆ ಯಾರೂ ಮೋಸ ಮಾಡಲಿಲ್ಲ. ಆ ಜಾಗ್ರತೆಯ ಖರ್ಚು ಮಾತ್ರ ನನ್ನನ್ನು ನಂಬಿದವಳ ಹೆಸರಿಗೆ ಬಿತ್ತು.