ಹಕ್ಕಲು ಆಯುವ ಮೂವರು

ನನ್ನ ಗಂಡ ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರರಾಗಿದ್ದವರು. ನಿವೃತ್ತಿಯಾಗಿ ಯರಗುಪ್ಪಿಯ ಮನೆಗೆ ಬಂದ ಮೇಲೆ, ಹೆಸರಾದ ಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನೋಡಿ ಬರೆದುಕೊಡುವ ಕೆಲಸ ಹಿಡಿದರು. ಹೊಸ ಮನೆ ಕಟ್ಟಿಸಿದವರು ಬಂದು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ: ದೀಪ ಹಿಡಿದ ಹೆಂಗಸು, ಮುತ್ತಿನ ಓಲೆಯ ಹುಡುಗಿ, ಸೂರ್ಯಕಾಂತಿ ಹೂವು. ಇವರು ಕ್ಯಾನ್ವಾಸಿನ ಮೇಲೆ ಚೌಕಳಿ ಗೆರೆ ಹಾಕಿಕೊಂಡು ಇದ್ದದ್ದನ್ನು ಇದ್ದ ಹಾಗೆ ಇಳಿಸುತ್ತಾರೆ. ಓಲೆಯ ಹುಡುಗಿಯ ಹಣೆಗೆ ಒಂದು ಕುಂಕುಮ ಇಡ್ರಿ ಎಂದ ಗಿರಾಕಿಯನ್ನು ಹಾಗೇ ವಾಪಸು ಕಳಿಸಿದ್ದರು.

"ಊರವರ ಗೋಡಿಗೆಲ್ಲಾ ಚಿತ್ರ ಆದ್ವು, ನಮ್ಮ ಪಡಸಾಲಿ ಗೋಡಿ ಮಾತ್ರ ಬರೇ ಸುಣ್ಣ ನೋಡ್ರಿ," ಎಂದೆ ಒಂದು ದಿನ.

"ಯಾವ್ದು ಬೇಕು ಹೇಳು," ಅಂದರು.

ಅವರ ಹಳೆಯ ಚಿತ್ರಗಳ ಪುಸ್ತಕ ತಿರುವಿ ನಾನೇ ಆರಿಸಿದೆ. ಫ್ರಾನ್ಸ್ ದೇಶದ್ದು. ಕೊಯ್ಲು ಮುಗಿದ ಹೊಲದಲ್ಲಿ ಮೂವರು ಹೆಂಗಸರು ಬಗ್ಗಿ, ಉದುರಿಬಿದ್ದ ತೆನೆ ಆಯುತ್ತಿದ್ದಾರೆ. ದೂರದಲ್ಲಿ ದೊಡ್ಡ ದೊಡ್ಡ ಬಣವೆ. ಆ ಬಯಲು ನಮ್ಮ ಎರೆಹೊಲದ ಹಾಗೇ ಕಂಡಿತ್ತು, ಮತ್ತೇನೂ ಯೋಚಿಸಿರಲಿಲ್ಲ.

ಚಿತ್ರ ಅರ್ಧಕ್ಕೆ ಬಂದಾಗ ನಮ್ಮ ಅತ್ತೆ ಜೋಳದ ಮೊರ ಹಿಡಿದು ಇವರು ಚಿತ್ರ ಬರೆಯುವ ಕೋಣೆಗೆ ಬಂದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಎಲ್ಲವನ್ನೂ ಹತ್ತಿರದಿಂದ ನೋಡುವ ಆಸೆ.

"ಹಕ್ಕಲ ಆಯಾಕತ್ತಾರಲ್ಲಪಾ ಇವ್ರು," ಎಂದರು.

"ಹೌದಬೇ. ನಿನಗ ಹೆಂಗ ಗೊತ್ತಾತು?"

"ಗೊತ್ತಾಗದ ಏನು? ಅವ್ವ, ಅಕ್ಕ, ನಾನು ಮಂದಿ ಹೊಲದಾಗ ಇದನ್ನ ಮಾಡಿದ್ವಿ. ಅಪ್ಪ ಹೋದಮ್ಯಾಲ ಹೊಟ್ಟಿಗೆ ಮತ್ತೇನಿತ್ತು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈ ಮನೆ ಹೊಲ, ಎತ್ತು ಎಲ್ಲ ಇದ್ದ ಮನೆ. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ತವರಿನ ಆ ದಿನಗಳನ್ನು ಮಾವನಿಗೆ ಹೇಳಿದ್ದರೋ ಏನೋ, ಮಗನಿಗಂತೂ ಹೇಳಿರಲಿಲ್ಲ.

ಅಂದಿನಿಂದ ಅತ್ತೆ ಮಧ್ಯಾಹ್ನ ಅಲ್ಲೇ ಕೂಡತೊಡಗಿದರು. ಉಡಿ ತುಂಬಿದ ಮೇಲೆ ತೆನೆ ಚೆಲ್ಲದ ಹಾಗೆ ಹೇಗೆ ನಡೆಯುತ್ತಿದ್ದರು, ಹೊಲದವನು ಒಳ್ಳೆಯವನಾದರೆ ಬೇಕೆಂದೇ ಹೇಗೆ ಅಲ್ಲಲ್ಲಿ ತೆನೆ ಬಿಟ್ಟುಹೋಗುತ್ತಿದ್ದ ಎಂದು ಜೋಳ ಆರಿಸುತ್ತ ಹೇಳುವರು. ಮಗ ಬಣ್ಣ ಹಚ್ಚುತ್ತಲೇ ಕೇಳುವರು. ಹೀಗೇ ಒಂದು ದಿನ ಅತ್ತೆ ಕೈಯಲ್ಲಿನ ಮೊರ ಕೆಳಗಿಟ್ಟು ಅಂದರು:

"ತಮ್ಮಾ, ಒಬ್ಬಾಕಿನ್ನರ ನೆಟ್ಟಗ ನಿಂದರ್ಸೋ. ಟೊಂಕ ನೋಯಂಗಿಲ್ಲೇನು?"

"ಯವ್ವಾ, ಇದು ಜಗತ್ತಿಗೇ ಗೊತ್ತಿರೂ ಚಿತ್ರ. ಬದಲಿ ಮಾಡಿದ್ರ ನಕಲ ಆಗೂದಿಲ್ಲ."

"ನಕಲ ಯಾರಿಗೆ ಬೇಕಾಗೇತಿ? ಇದು ನಮ್ಮ ಮನ್ಯಾಗ ಇರೂದಲ್ಲೇನು?"

ಇವರು ಕುಂಚ ತೊಳೆದಿಟ್ಟು ಎದ್ದರು. ಕೆಲವು ದಿನ ಆ ಚಿತ್ರದ ತಂಟೆಗೇ ಹೋಗಲಿಲ್ಲ. ಆಮೇಲೆ ಒಂದು ಮುಂಜಾನೆ ನನ್ನನ್ನು ಕರೆದು, "ಹಳೇ ಇಳಕಲ್ ಸೀರಿ ಉಟ್ಕೊಂಡು ಅಂಗಳದಾಗ ನಿಂದ್ರು," ಎಂದರು. ಹೇಗೆ ನಿಲ್ಲಬೇಕೆಂದು ಅತ್ತೆ ಕಟ್ಟೆಯ ಮೇಲಿಂದ ಹೇಳಿಕೊಟ್ಟರು.

"ಕೈ ಟೊಂಕದ ಮ್ಯಾಲಿಡು. ಹಂಗಲ್ಲಬೇ, ಹಿಂದ. ಹಾಂ. ಈಗ ಉಸಿರು ಬಿಡು."

ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಗಂಡ ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ನಾಚಿಕೆಯಾಗಿ ನಗು ಬಂತು. "ನಗಬ್ಯಾಡ" ಎಂದು ಗದರಿಸಿ, ಹಾಳೆಯ ಮೇಲೆ ಪೆನ್ಸಿಲ್ ನಿಲ್ಲಿಸಿ ತಾವೇ ನಕ್ಕುಬಿಟ್ಟರು.

ಮೂವರಲ್ಲಿ ಬಲಗಡೆಯವಳು ಮೂಲದಲ್ಲೇ ಪೂರ್ತಿ ಬಗ್ಗಿದವಳಲ್ಲ. ಅವಳನ್ನೇ ಕೆರೆದು ತೆಗೆದು, ಆ ಜಾಗದಲ್ಲಿ ಎದ್ದು ನಿಂತವಳನ್ನು ಬರೆದರು. ಬಣ್ಣ ಒಣಗಿದ ಮೇಲೆ ಪಡಸಾಲೆಯಲ್ಲಿ ತೂಗುಹಾಕಿದೆವು. ಅವರ ಜೊತೆ ಕೆಲಸ ಮಾಡಿದ ಮಾಸ್ತರರೊಬ್ಬರು ಬಂದವರು ಕನ್ನಡಕ ಹಾಕಿಕೊಂಡು ನೋಡಿ, "ಸರ, ಇದರಾಗ ಒಂದು ತಪ್ಪಾಗೇತಲ್ರಿ," ಎಂದರು.

"ಗೊತ್ತೈತ್ರಿ. ಚಹಾ ತಗೋರಿ," ಅಂದರು ಇವರು.

ಮುಂದೆ ಸ್ವಲ್ಪ ದಿನಕ್ಕೆ ಇವರೇ ಗುಡಗೇರಿಗೆ ಹೋಗಿ ಅತ್ತೆಯ ಅಕ್ಕನನ್ನು ಕರೆತಂದರು. ಆ ಅಜ್ಜಿ ಕಾಲು ತೊಳೆದು ಒಳಗೆ ಬಂದು, ಕೋಲೂರಿಕೊಂಡು ಚಿತ್ರದ ಮುಂದೆ ನಿಂತರು.

"ಎದ್ದು ನಿಂತಾಕಿ ಯಾರಬೇ, ನೀನ?"

"ಅಲ್ಲಕ್ಕಾ. ಅವ್ವ."

ಅಜ್ಜಿ ಮತ್ತಷ್ಟು ಹತ್ತಿರ ಹೋದರು. "ಅವ್ವ ಹಿಂಗ ನಿಂತದ್ದು ನಾ ಒಮ್ಮಿನೂ ನೋಡಲಿಲ್ಲ."

"ನಾನೂ ನೋಡಲಿಲ್ಲ. ಕುಂದ್ರು ಬಾ, ಈಗ ನೋಡೂಣು."

ಇಬ್ಬರೂ ಕಂಬಳಿಯ ಮೇಲೆ ಕೈ ಕೈ ಹಿಡಿದು ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಊಟಕ್ಕೆ ಕರೆದರೆ, "ಬರ್ತೀವಿ, ತಡಿ" ಎಂದರು.